ಮಡಚದ ಮಂಡಿಗೊಂದು ದೋಣಿ

ತಪ್ಪು ನನ್ನದೇ ಅಂತ ಮೊದಲೇ ಹೇಳಿಬಿಡ್ತೀನಿ. ಬೇರೆಯವರಿಗೆ ಬಿಟ್ಟರೆ ನನ್ನಷ್ಟು ಚೆನ್ನಾಗಿ ಹೇಳೋಕೆ ಅವರಿಗೆ ಬರಲ್ಲ. ನಮ್ಮಪ್ಪ ಮೀನು ಹಿಡಿಯೋದು ಬಿಟ್ಟಿದ್ದು ನನ್ನಿಂದ. ಅದನ್ನು ಸರಿ ಮಾಡೋಕೆ ಅಂತ ನಾನೊಂದು ಪ್ಲೈವುಡ್ ದೋಣಿ ಕಟ್ಟಿದೆ. ಅದೂ ನನ್ನ ತಪ್ಪೇ.

ಸೇಲಂ ಜಿಲ್ಲೆಯ ಕೊಳತ್ತೂರು ದಾಟಿದ ಮೇಲೆ, ಡ್ಯಾಮಿನ ನೀರು ಬಂದು ನಿಲ್ಲುವ ಕಡೆ ನಮ್ಮ ಮನೆ. ಇಲ್ಲಿ ಮೀನು ಹಿಡಿಯೋರೆಲ್ಲ ಹೋಗೋದು ಪರಿಸಲಲ್ಲಿ. ದೊಡ್ಡ ಬುಟ್ಟಿಯಂಥ ದುಂಡಗಿನ ತೆಪ್ಪ ಅದು. ಒಳಗೆ ಮಂಡಿಯೂರಿ ಕೂತು ಒಂದೇ ಒಂದು ಹುಟ್ಟು ಹಾಕಬೇಕು. ಕೆಲಸ ಮುಗಿದರೆ ಬೋರಲು ಮಾಡಿ ಬೆನ್ನ ಮೇಲೆ ಹೊತ್ತು ಮನೆಗೆ ಬರಬೇಕು. ಹಿಂದಿನಿಂದ ನೋಡಿದರೆ ಆಮೆಯೊಂದು ಎರಡು ಕಾಲಲ್ಲಿ ಎದ್ದು ನಡೆದ ಹಾಗೆ. ಅಪ್ಪನ ಬಲಗಾಲಿನ ಮಂಡಿ ಎಷ್ಟೋ ವರ್ಷದಿಂದ ಸರಿಯಾಗಿ ಮಡಚೋದಿಲ್ಲ. ಪರಿಸಲಿಗೆ ಇಳಿಯುವಾಗ ಅವನು ಅದರ ಜೊತೆ ಮಾತಾಡುತ್ತಿದ್ದ, ಹಾಲು ಕೊಡದ ಎಮ್ಮೆ ಜೊತೆ ಮಾತಾಡೋ ಹಾಗೆ. "ಬಾ ತಾಯಿ, ಒಂಚೂರು ಮಡುಚ್ಕೊ. ನಿನ್ ಕಾಲಿಗ್ ಬೀಳ್ತೀನಿ." ಸ್ವಂತ ಮಂಡಿಯ ಕಾಲಿಗೆ ಬೀಳೋನು ಇಡೀ ಜಿಲ್ಲೆಯಲ್ಲಿ ಅವನೊಬ್ಬನೇ ಇರಬೇಕು.

ನಾನು ಮೊಬೈಲ್ ಅಂಗಡಿಯಲ್ಲಿ ಕೆಲಸ ಮಾಡ್ತೀನಿ. ಉಳಿದ ಹೊತ್ತು ಮಿಮಿಕ್ರಿ. ಬಸ್ಸಿನ ಕಂಡಕ್ಟರು ಚಿಲ್ಲರೆ ಇಲ್ಲ ಅನ್ನೋದು, ದನದ ಡಾಕ್ಟರು ದನಕ್ಕೇ ಹೆದರೋದು, ಸೇಲಂನಲ್ಲಿ ಇಂಟರ್‌ವ್ಯೂಗೆ ಹೋಗಿ ನಾನು ನನ್ನ ಹೆಸರೇ ತಡವರಿಸಿದ್ದು, ಎಲ್ಲ ಮಾಡಿ ತೋರಿಸ್ತೀನಿ. ಒಂದು ದಿನ ಬೆಳಗ್ಗೆ ಮೀನು ತೂಗುವ ಜಾಗದಲ್ಲಿ ಜನ ಸೇರಿದ್ದರು. ಖಾಲಿ ಮಂಕರಿಯೊಂದನ್ನು ಬೆನ್ನಿಗೆ ಹಾಕಿಕೊಂಡು, ಬಲಗಾಲು ಎಳೆಯುತ್ತಾ ಬಂದು, "ಬಾ ತಾಯಿ, ಒಂಚೂರು ಮಡುಚ್ಕೊ" ಅಂದೆ. ತಕ್ಕಡಿ ಹಿಡಿದವನು ತಕ್ಕಡಿ ಬಿಟ್ಟು ನಕ್ಕ. ಇನ್ನೊಂದ್ಸಲ ಮಾಡು ಅಂದರು, ಮಾಡಿದೆ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು. ತಿರುಗಿದರೆ ಹಿಂದೆ ಅಪ್ಪ ಮೀನಿನ ಟ್ರೇ ಹಿಡಿದು ನಿಂತಿದ್ದ. ಅವನು ಬೈಯಲಿಲ್ಲ. ಟ್ರೇ ಇಟ್ಟ, ತೂಕ ಹಾಕಿಸಿದ, ಹೋದ.

ಆ ವಾರವೇ ಪರಿಸಲನ್ನು ಪಕ್ಕದ ಮನೆ ಮಾವನಿಗೆ ಕೊಟ್ಟುಬಿಟ್ಟ. ಹುಣಸೆಮರದ ಕೆಳಗೆ ನೀರಿನ ಕಡೆ ಮುಖ ಮಾಡಿಕೊಂಡಿದ್ದ ಅವನ ಪ್ಲಾಸ್ಟಿಕ್ ಕುರ್ಚಿಯನ್ನು ರಸ್ತೆಯ ಕಡೆ ತಿರುಗಿಸಿಕೊಂಡ. ಬಸ್ಸು ಬಂದರೆ ಬಸ್ಸು ನೋಡುತ್ತಿದ್ದ, ಬರದಿದ್ದರೆ ರಸ್ತೆ ನೋಡುತ್ತಿದ್ದ.

ಇಲ್ಲಿಂದ ನನ್ನ ಬುದ್ಧಿವಂತಿಕೆ ಶುರು. ಮಂಡಿ ತಾನೇ ತೊಂದರೆ? ಕಾಲು ಚಾಚಿ ಬೆಂಚಿನ ಮೇಲೆ ಕೂರುವಂಥ ದೋಣಿ ಇದ್ದರೆ ಅಪ್ಪ ನೀರಿಗೆ ಹೋಗ್ತಾನೆ ಅಂದುಕೊಂಡೆ. ಫೋನಿನ ವಿಡಿಯೋದಲ್ಲಿ ಒಬ್ಬ ಬಿಳಿ ದೊರೆ ತನ್ನ ಮನೆ ಶೆಡ್ಡಿನಲ್ಲಿ ಪ್ಲೈವುಡ್ ಕುಯ್ದು, ಅಂಚಿಗೆ ತೂತು ಹಾಕಿ, ತಂತಿಯಲ್ಲಿ ಹೊಲಿದು, ಸಂದಿಗೆ ಎಪಾಕ್ಸಿ ಅಂಟು ತುಂಬಿ ಮಧ್ಯಾಹ್ನದ ಊಟದೊಳಗೆ ದೋಣಿ ಮಾಡಿಬಿಡುತ್ತಿದ್ದ. ನಾನು ಮೊದಲು ಕಲಿತಿದ್ದು ಅವನ ದನಿ. ಕೆಲಸ ಕಲಿಯೋದು ಉಳಿದುಹೋಯಿತು.

ಶಂಕಗಿರಿಯಲ್ಲಿ ಲಾರಿ ಓಡಿಸುವ ಚಿಕ್ಕಪ್ಪನ ಮಗ ಕೊಚ್ಚಿಯಿಂದ ವಾಪಸ್ ಬರುವಾಗ ಹಲಗೆ, ಎಪಾಕ್ಸಿ ಡಬ್ಬ, ಫೈಬರ್ ಬಟ್ಟೆ ತಂದುಕೊಟ್ಟ. ಆಗ ನೀರು ಹುಣಸೆಮರದ ಬುಡಕ್ಕೇ ಬಂದಿತ್ತು. ಅಪ್ಪ ಎದ್ದು ಊಟಕ್ಕೆ ಹೋದಾಗ ಓಡಿಹೋಗಿ ಅವನ ಕುರ್ಚಿಯ ಎತ್ತರ ಟೇಪಿನಲ್ಲಿ ಅಳೆದೆ. ಬೆಂಚು ಅಷ್ಟೇ ಎತ್ತರಕ್ಕೆ ಇಟ್ಟೆ. ಕಾಲು ಚಾಚುವ ಜಾಗ, ಬಲೆ ಇಡುವ ಜಾಗ, ಹುಟ್ಟು ಎಟುಕುವ ಜಾಗ, ಎಲ್ಲ ಅಳತೆ.

ಎಪಾಕ್ಸಿ ಎರಡು ಡಬ್ಬದಲ್ಲಿ ಬರುತ್ತೆ. ಎರಡನ್ನೂ ಬೆರೆಸಿದರೆ ಗಟ್ಟಿಯಾಗುತ್ತೆ. ಸ್ವಲ್ಪ ಸ್ವಲ್ಪ ಬೆರೆಸಬೇಕಂತೆ. ದೊರೆ ಸ್ವೆಟರ್ ಹಾಕಿಕೊಂಡು ಬೆರೆಸುತ್ತಿದ್ದ. ನಾನು ತಗಡಿನ ಶೆಡ್ಡಿನಲ್ಲಿ, ಸುಡುವ ಮಧ್ಯಾಹ್ನ, ಬನಿಯನ್ನಿನಲ್ಲಿ ನಿಂತು ಬಕೆಟ್ಟಿಗೆ ಪೂರ್ತಿ ಸುರಿದೆ. ಅದರಲ್ಲಿ ಕಲಸೋ ಸಾಮಿಲ್ಲಿನ ಮರದ ಹುಡಿ ತರೋಕೆ ಆ ಕಡೆ ತಿರುಗಿ ಈ ಕಡೆ ತಿರುಗುವಷ್ಟರಲ್ಲಿ ಬಕೆಟ್ಟು ಹೊಗೆಯಾಡುತ್ತಿತ್ತು. ಬ್ರಷ್ಷು ಮಧ್ಯದಲ್ಲಿ ನೆಟ್ಟ ಕಂಬದ ಹಾಗೆ ನಿಂತುಬಿಟ್ಟಿತು.

ಅವ್ವ ಅಡುಗೆಮನೆಯಿಂದ ಇಣುಕಿ, "ಏನ್ಲಾ, ಪಾಯ್ಸ ತಳ ಇಡೀತಾ?" ಅಂದಳು.

"ಇಲ್ಲವ್ವ, ಚೆನ್ನಾಗ್ ಬೆಂದೈತೆ."

"ಯಾರ್ಗ್ಲಾ ಇದು?"

"ಅಪ್ಪಂಗೆ. ಮಂಡಿ ಮಡಿಸ್ದೆ ಕೂತ್ಕೊಂಡು ಓಗ್ಬೋದು."

ಅವ್ವ ಕೈ ಒರೆಸಿಕೊಳ್ಳುತ್ತಾ ಶೆಡ್ಡಿನ ಹತ್ತಿರ ಬಂದಳು. "ಮಂಡಿ ನೋವ್ಗೆ ಬುಟ್ಟ ಅನ್ಕೊಂಡ್ಯಾ? ಅದು ನೀ ಉಟ್ಟಾಗ್ಲಿಂದ ನೋಯ್ತಾ ಐತೆ."

ಅವಳ ಹಾಗೇ ಕೈ ಒರೆಸಿಕೊಂಡು, ಅವಳ ದನಿಯಲ್ಲೇ ಆ ಮಾತನ್ನು ತಿರುಗಿ ಹೇಳಿದೆ. ಅವಳು ನಗಲಿಲ್ಲ, ಒಳಗೆ ಹೋದಳು. ಕೇಳಿಸಿದ ಮಾತನ್ನು ಕೇಳಿಸದ ಹಾಗೆ ಮಾಡೋಕೆ ನನಗೆ ಗೊತ್ತಿರೋದು ಅದೊಂದೇ ದಾರಿ.

ಮತ್ತೆ ಎಪಾಕ್ಸಿ ಬೇಕಾಯಿತು. ಚಿಕ್ಕಪ್ಪನ ಮಗನಿಗೆ ಕೊಚ್ಚಿ ಲೋಡು ಸಿಗಲಿಲ್ಲ. ನಾಗಪುರ, ಇಂದೋರ್ ಅಂತ ಉತ್ತರದ ಕಡೆಗೇ ಸುತ್ತುತ್ತಿದ್ದ. ಫೋನ್ ಮಾಡಿದರೆ, "ತಮ್ಮಾ, ಕಿತ್ತಳೆ ಬೇಕಾ? ಅಂಟು ಇಲ್ಲಿ ಸಿಗಲ್ಲ" ಅನ್ನುತ್ತಿದ್ದ. ತಿಂಗಳುಗಟ್ಟಲೆ ಕಾದ ಮೇಲೆ ಡಬ್ಬ ಬಂತು. ಈ ಸಲ ಲೋಟದಲ್ಲಿ ಬೆರೆಸಿದೆ, ಬಿಸಿಲೇರುವ ಮೊದಲೇ. ಸಂದಿ ತುಂಬಿದೆ, ಬಟ್ಟೆ ಅಂಟಿಸಿದೆ, ಉಜ್ಜಿದೆ, ಹಸಿರು ಬಣ್ಣ ಬಳಿದೆ. ಅಪ್ಪ ದಿನಾ ಶೆಡ್ಡಿನ ಮುಂದೆಯೇ ನಡೆದು ಕುರ್ಚಿಗೆ ಹೋಗುತ್ತಿದ್ದ. ಒಂದು ದಿನವೂ ಇದೇನು ಅಂತ ಕೇಳಲಿಲ್ಲ. ಉಜ್ಜಿದ ಧೂಳು ಅವನ ಕಡೆ ಹಾರಿದರೆ ಟವಲಿನಲ್ಲಿ ಮುಖ ಒರೆಸಿಕೊಳ್ಳುತ್ತಿದ್ದ.

ದೋಣಿಯನ್ನು ಶೆಡ್ಡಿನಿಂದ ಹೊರಗೆ ಎಳೆದ ದಿನ ತಲೆ ಎತ್ತಿ ನೋಡಿದೆ. ಡ್ಯಾಮಿನಿಂದ ಕೆಳಗಿನ ಜಿಲ್ಲೆಗಳಿಗೆ ನೀರು ಬಿಟ್ಟು ಬಿಟ್ಟು, ನಮ್ಮ ನೀರು ಹುಣಸೆಮರ ಬಿಟ್ಟು ದೂರ ಹೋಗಿತ್ತು. ಎಷ್ಟು ದೂರ ಅಂದರೆ ಬಿಸಿಲಿನಲ್ಲಿ ಒಂದು ಬಿಳಿ ಗೆರೆ ಥರ ಕಾಣುತ್ತಿತ್ತು. ನಡುವೆ ಒಡೆದ ಕೆಸರು, ಆಮೇಲೆ ಊರಿನವರು ಹಾಕಿದ ಎಳ್ಳು, ಆಮೇಲೆ ಒಣಗದ ಕೆಸರು. ಇದು ವರ್ಷಾವರ್ಷ ಆಗೋದೇ. ನಾನು ಇದನ್ನು ನೋಡಿಕೊಂಡೇ ಹುಟ್ಟಿ ಬೆಳೆದವನು. ಆದರೆ ಪರಿಸಲು ಅಪ್ಪನ ಬೆನ್ನ ಮೇಲೆ ಕೂತು ಅವನ ಜೊತೆಗೇ ನಡೆಯುತ್ತಿತ್ತಲ್ಲ, ನೀರು ಎಲ್ಲಿದ್ದರೂ ನಮಗೆ ಒಂದೇ ಆಗಿತ್ತು. ಕುರ್ಚಿಯ ಎತ್ತರ ಅಳೆದವನು ನೀರಿನ ದೂರ ಅಳೆದಿರಲಿಲ್ಲ.

ಆದರೂ ಸೋಲಬಾರದು ಅಂತ ಅಂಗಡಿಯ ಕಡೆಯ ನಾಲ್ಕು ಹುಡುಗರನ್ನು ಕರೆತಂದೆ. ಮೂಲೆಗೊಬ್ಬರು ಹಿಡಿದರು. ನಾನು ಮುಂದೆ ನಡೆಯುತ್ತಾ ದೊರೆಯ ದನಿಯಲ್ಲಿ ಅಪ್ಪಣೆ ಕೊಟ್ಟೆ. ಒಡೆದ ಕೆಸರು ದಾಟುವಷ್ಟರಲ್ಲೇ ನಾಲ್ವರಿಗೂ ನಗು ನಿಂತಿತ್ತು. ಎಳ್ಳು ತುಳಿಯೋ ಹಾಗಿರಲಿಲ್ಲ, ಸುತ್ತಿಕೊಂಡು ಹೋಗಬೇಕಿತ್ತು. ಹೊಲದ ಅಂಚಿನಲ್ಲಿ ಇಳಿಸಿ ಉಸಿರು ಬಿಡುತ್ತಿದ್ದಾಗ ಪಕ್ಕದ ಮನೆ ಮಾವ ನೀರಿನ ಕಡೆಯಿಂದ ಬಂದ. ಬೆನ್ನ ಮೇಲೆ ಅಪ್ಪನ ಪರಿಸಲು, ಬಾಯಲ್ಲಿ ಬೀಡಿ.

"ಎನ್ನ ಮಾಪ್ಳೆ, ಕಪ್ಪಲ್ ಬಂದ್ಬುಡ್ತಾ?" ಅಂತ ತಮಿಳು ಬೆರೆಸಿ ನನ್ನ ದೋಣಿಯನ್ನು ಹಡಗು ಮಾಡಿದ. ನಿಲ್ಲಲಿಲ್ಲ. ಆಮೆ ಎರಡು ಕಾಲಲ್ಲಿ ಮನೆಗೆ ಹೋಯಿತು.

ಹುಡುಗರು ಒಬ್ಬೊಬ್ಬರಾಗಿ ಕೈ ನೋಡಿಕೊಂಡು, ಅಂಗಡಿ ತೆಗೀಬೇಕು ಅಂದು, ಅವನ ಹಿಂದೆಯೇ ಹೋದರು. ನಾನು ಹಸಿರು ದೋಣಿಯ ಪಕ್ಕ ನಿಂತಿದ್ದೆ. ಆಗ ಅಪ್ಪ ಬರುವುದು ಕಾಣಿಸಿತು. ಬಲಗಾಲು ಎಳೆಯುತ್ತಾ ಒಡೆದ ಕೆಸರಿನಲ್ಲಿ ನಿಧಾನ ಬರುತ್ತಿದ್ದ. ಮೀನು ಹಿಡಿಯೋದು ಬಿಟ್ಟ ಮೇಲೆ ಅವನು ನೀರಿನ ಕಡೆ ಕಾಲಿಟ್ಟಿದ್ದು ಅದೇ ಮೊದಲು.

ಅವನು ದೋಣಿಯನ್ನು ಒಂದು ಸುತ್ತು ಹಾಕಿದ. ಬೆರಳಿನ ಗೆಣ್ಣಿನಲ್ಲಿ ತಳ ತಟ್ಟಿದ. ಸಂದಿಯ ಉದ್ದಕ್ಕೂ ಉಗುರು ಎಳೆದ. ಆಮೇಲೆ ಅಂಚು ಹಿಡಿದು ಎಡಗಾಲು ಒಳಗಿಟ್ಟು, ಬಲಗಾಲನ್ನು ಕೈಯಲ್ಲೇ ಎತ್ತಿ ಒಳಗಿಟ್ಟು, ಬೆಂಚಿನ ಮೇಲೆ ಕೂತ. ಕಾಲು ಚಾಚಿದ. ಮಂಡಿ ಜೊತೆ ಮಾತಾಡಬೇಕಾಗಲಿಲ್ಲ. ಎಳ್ಳಿನ ಹೊಲದ ಅಂಚಿನಲ್ಲಿ, ದೂರದ ಆ ಬಿಳಿ ಗೆರೆಯ ಕಡೆ ಮುಖ ಮಾಡಿ ಕೂತೇ ಇದ್ದ.

"ಎತ್ರ ಸರ್ಯಾಗೈತೆ," ಅಂದ.

ಅಷ್ಟು ಸಾಕಿತ್ತು ನನಗೆ. "ನಾಳೆ ಬೆಳಿಗ್ಗೆ ಓಗೋಣಪ್ಪ," ಅಂದೆ.

"ಇದ್ನ ಅಲ್ಗಂಟ ಯಾರ್ ತಗೊಂಡೋಗೋದು?"

"ಆ ಉಡುಗ್ರು ಅವ್ರಲ್ಲಪ್ಪ. ದಿನಾ ಕರ್ಕೊಂಡ್ ಬತ್ತೀನಿ. ನಾಕ್ ಜನ ಒತ್ಕೊಂಡ್ ಬತ್ತಾರೆ, ನೀನು ಬಂದು ಕೂತ್ಕೊ, ಸಾಕು."

ಅಪ್ಪ ಬಲಗಾಲನ್ನು ಕೈಯಲ್ಲಿ ಎತ್ತಿ ಹೊರಗಿಟ್ಟ. ಎದ್ದು ನಿಂತು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

"ನಾಕ್ ಜನ ಒತ್ಕೊಂಡೋಗಕ್ಕೆ ನಂಗಿನ್ನೂ ಟೈಮೈತೆ ಕಣ್ಲಾ. ಅವಾಗ್ ಕರಿ."