ಬಸ್ಸಿನಲ್ಲೇ ಹೇಳಬೇಕಾಗಿ ಬಂದ ಸುದ್ದಿ

ಎಪ್ಪತ್ತರ ದಶಕದಲ್ಲಿ ನಾನು ಮುಂಡಗೋಡ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್. ಕಾಲರಾ ಹಬ್ಬಿ ಜನ ಹೆದರಿದ್ದ ದಿನಗಳು. ಒಂದು ಮುಂಜಾನೆ ಚಿಕ್ಕ ವಯಸ್ಸಿನ ಹೆಣ್ಣುಮಗಳೊಬ್ಬಳು ಕಿಟಕಿಯಿಂದ ತಲೆ ಹೊರಹಾಕಿ ವಾಂತಿ ಮಾಡಿಕೊಂಡಳು.

“ಇಳಸ್ರಿ ಆಕೀನ!” ಎಂದು ಮುದುಕಿಯೊಬ್ಬಳು ಕೂಗಿದಳು. ಉಳಿದವರೂ ದನಿಗೂಡಿಸಿದರು. ಸುತ್ತ ಬರೀ ಕಾಡು. ನಾನು ಸೀಟಿ ಊದಿ ಬಸ್ ನಿಲ್ಲಿಸಿದೆ.

“ಕಾಲರಾ ಅಲ್ರೀ…” ಎಂದ ಅವಳ ಗಂಡ. ಇನ್ನೂ ಮೀಸೆ ಚಿಗುರುತ್ತಿದ್ದ ಹುಡುಗ; ನಾಚಿ ಹೆಂಡತಿಯ ಮುಖ ನೋಡಿದ.

ಅವಳೇ ಸೆರಗಿನಿಂದ ಬಾಯಿ ಒರೆಸಿಕೊಂಡು ಎದ್ದು ನಿಂತಳು. “ನಾ ಬಸರಿ ಅದೀನ್ರಿ, ಅಣ್ಣಾರ. ಯಾರಿಗೂ ಇನ್ನ ಗೊತ್ತಿಲ್ರಿ. ನಮ್ಮವ್ವಗ ಹೇಳಾಕ ಹೊಂಟೀವಿ,” ಎಂದವಳೇ ಅತ್ತುಬಿಟ್ಟಳು.

“ಮೊದ್ಲ ಹೇಳಬಾರದೇನ, ಖೋಡಿ! ಮುಂದ ಬಂದು ಕೂಡು,” ಎಂದು ಅದೇ ಮುದುಕಿ ತನ್ನ ಸೀಟು ಬಿಟ್ಟುಕೊಟ್ಟಳು. ದಾರಿಯುದ್ದಕ್ಕೂ ಎಲ್ಲರೂ ಬುದ್ಧಿ ಹೇಳಿದ್ದೇ ಹೇಳಿದ್ದು. ಆದರೆ ಬಸ್ಸು ಕಿಕ್ಕಿರಿದಿದ್ದರೂ, ಮೂವರು ಕೂರುವ ಆ ಸೀಟಿನಲ್ಲಿ ಹುಬ್ಬಳ್ಳಿ ಮುಟ್ಟುವತನಕ ಗಂಡಹೆಂಡತಿ ಇಬ್ಬರೇ; ಕಾಲರಾದ ಹೆದರಿಕೆಗೆ ಪಕ್ಕದಲ್ಲಿ ಯಾರೂ ಕೂರಲಿಲ್ಲ.