ಹಳೇ ಪ್ಯಾನೆಲ್ಲಿನ ಬಯ್ಯಪ್ಪ

ಮಂಚೇನಹಳ್ಳಿ ರಸ್ತೆಯ ಹಾಲಿನ ಡೈರಿಯಲ್ಲಿ ಬಯ್ಯಪ್ಪನ ಕೂಗು ಕೇಳದ ದಿನವೇ ಇರಲಿಲ್ಲ. ಓದು ಹತ್ತದೆ ಶಾಲೆ ಬಿಟ್ಟವನು, ಕ್ಯಾನ್ ಹೊರಲು ಸೇರಿ, ಬೈಸಿಕೊಂಡು ಕೆಲಸ ಕಲಿತು, ಪ್ಯಾನೆಲ್ ಮುಂದಿನ ಕುರ್ಚಿಗೆ ಬಂದಿದ್ದ. ಪ್ಯಾನೆಲ್ ಎಂದರೆ ಬೀರುವಿನಂಥ ಕಬ್ಬಿಣದ ಪೆಟ್ಟಿಗೆ. ಹಾಲು ತಂಪು ಮಾಡುವ ಯಂತ್ರ, ಪಂಪು, ಬಾಯ್ಲರು ಎಲ್ಲವೂ ಅದರ ಸ್ವಿಚ್ಚುಗಳ ಮಾತು ಕೇಳುತ್ತಿದ್ದವು. ಯಂತ್ರ ನಡೆಸುವವನೇ ಅದಕ್ಕೆ ಆರತಿ ಎತ್ತಬೇಕೆಂಬುದು ಅಲ್ಲಿಯ ಪದ್ಧತಿ. ಆಯುಧಪೂಜೆಯ ದಿನ ಮ್ಯಾನೇಜರೂ ಬಯ್ಯಪ್ಪನ ಹಿಂದೆ ನಿಂತು ಕೈಮುಗಿಯುತ್ತಿದ್ದರು.

ಆ ಪ್ಯಾನೆಲ್ಲಿಗೆ ಮುಪ್ಪು ಬಂದಿತ್ತು. ಕೆಟ್ಟರೆ ಬಿಡಿಭಾಗಕ್ಕೆ ಗುಜರಿ ಅಂಗಡಿ ತಡಕಬೇಕು. ಕೊನೆಗೆ ಕಂಪ್ಯೂಟರ್ ಪರದೆಯ ಹೊಸ ಪ್ಯಾನೆಲ್ ಬಂತು. ಆದರೆ ಡೈರಿ ನಿಲ್ಲಿಸುವಂತಿಲ್ಲ. ಬೆಳಗ್ಗೆ ಸಂಜೆ ಹಳ್ಳಿಗಳಿಂದ ಹಾಲು ಬಂದೇ ಬರುತ್ತದೆ, ಹಸುಗಳಿಗೆ ರಜೆ ಕೊಡಲಾಗುತ್ತದೆಯೇ? ಹಳೆಯದರ ಪಕ್ಕದಲ್ಲೇ ಹೊಸದನ್ನು ನಿಲ್ಲಿಸಿ, ಎರಡು ಹೊತ್ತಿನ ಹಾಲಿನ ನಡುವಿನ ಬಿಡುವಿನಲ್ಲಿ ಒಂದೊಂದೇ ಯಂತ್ರವನ್ನು ಈಚೆಯಿಂದ ಆಚೆಗೆ ದಾಟಿಸುವುದೆಂದು ತೀರ್ಮಾನವಾಯಿತು.

ಹೊಸದನ್ನು ಕಲಿಯಲು ತನ್ನನ್ನು ಟ್ರೈನಿಂಗಿಗೆ ಕಳಿಸಿ ಎಂದು ಬಯ್ಯಪ್ಪ ಕೇಳಿದ. ಮ್ಯಾನೇಜರ್ ಮೋಹನ್‌ಬಾಬು ಅವನ ಹೆಗಲ ಮೇಲೆ ಕೈಯಿಟ್ಟರು.

"ನೀನು ಹೋದ್ರೆ ಇಲ್ಲಿ ಹಾಲು ಒಡೆದು ಹೋಗುತ್ತೆ ಕಣಪ್ಪ. ನೀನು ಹಳೇದು ನೋಡ್ಕೋ. ಹೊಸದು ಎಲ್ಲಿ ಓಡೋಗುತ್ತೆ? ಆ ಕುರ್ಚಿ ನಿಂದೇ."

ಬಯ್ಯಪ್ಪನ ಎದೆ ಉಬ್ಬಿತು. ನಾನಿಲ್ಲದಿದ್ದರೆ ಡೈರಿಯೇ ಇಲ್ಲ ಎಂದು ಮನೆಯಲ್ಲೂ ಹೇಳಿಕೊಂಡು ತಿರುಗಿದ. ಮೈ ಬಿಸಿಯಿದ್ದ ದಿನವೂ ರಜೆ ಹಾಕಲಿಲ್ಲ.

ಅದೇ ಡೈರಿಯಲ್ಲಿ ಮುನೇಶ್ ಎಲೆಕ್ಟ್ರಿಷಿಯನ್. ಬಯ್ಯಪ್ಪನ ಹೆಂಡತಿ ಶ್ಯಾಮಲಮ್ಮನ ತಮ್ಮ. ಅವನಿಗೆ ಆ ಕೆಲಸ ಕೊಡಿಸಲು ಬಯ್ಯಪ್ಪ ಯಾರ್ಯಾರ ಬಾಗಿಲೋ ಕಾದಿದ್ದ. ಆ ದಿನಗಳಲ್ಲೇ ಮುನೇಶ್ ಗೆಳೆಯನ ಮದುವೆಯೆಂದು ಬೆಂಗಳೂರಿಗೆ ಹೋಗಿ, ಒಂದು ವಾರ ಕಳೆದು ಒಬ್ಬಟ್ಟಿನ ಡಬ್ಬಿಯೊಂದಿಗೆ ಬಂದ. ಮದುವೆ ಮನೆಯವರು ತುಪ್ಪ ಹಾಕಲು ಕೈ ಬಿಗಿಹಿಡಿದಿದ್ದಾರೆಂದು ಬೈಯುತ್ತಲೇ ಬಯ್ಯಪ್ಪ ಪ್ಯಾನೆಲ್ ಮುಂದೆ ಕೂತು ಡಬ್ಬಿ ಖಾಲಿ ಮಾಡಿದ.

ಆಮೇಲೆ ತಂತಿ ದಾಟಿಸುವ ಕೆಲಸ. ಬಯ್ಯಪ್ಪ ಹಳೆಯ ಸ್ವಿಚ್ ಕೆಳಗೆಳೆದು "ಇಳಿಸ್ದೆ" ಎಂದು ಕೂಗಬೇಕು, ಮುನೇಶ್ ಹೊಸದರಲ್ಲಿ ಚಾಲೂ ಮಾಡಿ "ಏರಿಸ್ದೆ" ಎನ್ನಬೇಕು. ಯಾವ ಪಂಪು ಹೇಗೆ ಮುನಿಸಿಕೊಳ್ಳುತ್ತದೆ, ಯಾವುದನ್ನು ಮೊದಲು ಎಬ್ಬಿಸಬೇಕು, ಎಲ್ಲವನ್ನೂ ಮುನೇಶ್ ಕೆದಕಿ ಕೆದಕಿ ಕೇಳುತ್ತಿದ್ದ. ತನ್ನ ಕುರ್ಚಿಯ ಕೆಲಸವೇ ಹಸನಾಗುತ್ತಿದೆಯೆಂದು ಬಯ್ಯಪ್ಪ ಕತ್ತೆ, ಕೋಣ ಎನ್ನುತ್ತಲೇ ಒಂದನ್ನೂ ಬಚ್ಚಿಡದೆ ಹೇಳಿಕೊಟ್ಟ.

ಕಡೆಗೆ ಉಳಿದದ್ದು ಹಾಲು ತಂಪು ಮಾಡುವ ಯಂತ್ರವೊಂದೇ. ಅದನ್ನು ದಾಟಿಸುವ ದಿನ ಹೊಸ ಪ್ಯಾನೆಲ್ಲಿಗೆ ಪೂಜೆ. ಬಯ್ಯಪ್ಪ ಒಗೆದ ಪಂಚೆಯುಟ್ಟು, ಮನೆಯ ಹಿತ್ತಲಿನ ಬೂದುಗುಂಬಳ ಹೊತ್ತು ಬಂದ. ಕರ್ಪೂರ ಹಚ್ಚಿದ್ದಾಯಿತು. ಅವನು ಕೈ ಚಾಚಿದ. ಮೋಹನ್‌ಬಾಬು ಆರತಿ ತಟ್ಟೆಯನ್ನು ಅವನ ಮುಂದಿನಿಂದಲೇ ದಾಟಿಸಿ ಮುನೇಶನ ಕೈಗಿಟ್ಟರು. ಮುನೇಶ್ ತಲೆ ಎತ್ತದೆ ಇಸಿದುಕೊಂಡು ಬೆಳಗಿದ. ಯಾರ ಮುಖದಲ್ಲೂ ಬೆರಗಿಲ್ಲ. ಗೊತ್ತಿಲ್ಲದವನು ತಾನೊಬ್ಬನೇ.

"ನಾನೆಲ್ಲಿ ಸಾರ್ ಇನ್ಮೇಲೆ?"

"ಕ್ಯಾನ್ ತೊಳೆಯೋ ಕಡೆ ಜನ ಸಾಲ್ತಿಲ್ಲ. ಅಲ್ಲಿ ನೋಡ್ಕೋ. ಈಗ ಹಳೇದು ಇಳಿಸು, ಸಂಜೆ ಹಾಲು ಬರೋ ಹೊತ್ತಾಯ್ತು."

ಬಯ್ಯಪ್ಪ ಸ್ವಿಚ್ ಹಿಡಿದ. ಇನ್ನು ಬಾಯಿ ಬಿಡುತ್ತಾನೆ, ತಟ್ಟೆ ಕಿತ್ತು ಎಸೆಯುತ್ತಾನೆ ಎಂದು ಜನ ಹಿಂದೆ ಸರಿದರು. ಅವನು ಮುನೇಶನನ್ನೇ ನೋಡಿದ.

"ನಿನಗೆ ಯಾವಾಗ ಗೊತ್ತಾಯ್ತೋ?"

"ಬೆಂಗಳೂರಿಗೆ ಟ್ರೈನಿಂಗ್‌ಗೆ ಹೋದಾಗ್ಲೇ, ಭಾವ."

ತೊಟ್ಟಿ ತುಂಬ ಬೆಳಗಿನ ಹಾಲಿತ್ತು. ಹಿಡಿದ ಸ್ವಿಚ್ ಇಳಿಸದೆ ನಿಂತಿದ್ದರೆ ಯಾರೇನು ಮಾಡುತ್ತಿದ್ದರು? ಹೊರಗೆ ಕ್ಯಾನ್ ಇಳಿಸುವ ಸದ್ದಾಯಿತು. ಕೈ ತಾನಾಗಿ ಕೆಳಗೆ ಬಂತು.

"ಇಳಿಸ್ದೆ" ಎಂದ.

"ಏರಿಸ್ದೆ" ಎಂದ ಮುನೇಶ್.

ಯಂತ್ರ ಒಂದು ಕ್ಷಣವೂ ತಡವರಿಸಲಿಲ್ಲ.

ಬಯ್ಯಪ್ಪ ನೇರ ಮನೆಗೆ ಬಂದ. ಶ್ಯಾಮಲಮ್ಮ ಗಂಡನ ಮುಖ ನೋಡಿ, ಕೇರುತ್ತಿದ್ದ ಮೊರ ಕೆಳಗಿಟ್ಟಳು. ಅವನು ಏನೂ ಹೇಳುವ ಮೊದಲೇ ಅವಳು ಶುರು ಮಾಡಿದಳು.

"ನಿಮ್ಮ ಕೋಪ ನಂಗೊತ್ತಿಲ್ವಾ? ಹೇಳಿದ್ರೆ ಅವತ್ತೇ ಎಲ್ಲಾ ಬಿಸಾಕಿ ಬರ್ತಿದ್ರಿ. ಅವನ ಕೆಲಸಾನೂ ಹೋಗ್ತಿತ್ತು."

ಬಯ್ಯಪ್ಪ ಜಗಲಿಯ ಮೇಲೆ ಕೂತು, ಅವಳ ಕಡೆ ನೋಡದೆ ಕೇಳಿದ:

"ಮದುವೇನೇ ಇರ್ಲಿಲ್ಲ ಅಂದ್ಮೇಲೆ, ನಾನು ತಿಂದಿದ್ದು ಯಾವ ಒಬ್ಬಟ್ಟೇ?"

ಅವಳು ಮೊರ ಎತ್ತಿಕೊಂಡು ಒಳಗೆ ಹೋದಳು. ಒಳಗಿನಿಂದಲೇ ಹೇಳಿದಳು:

"ನಾನೇ ತಟ್ಟಿ ಕೊಟ್ಟಿದ್ದು."