ದೊಡ್ಡವ್ವನ ರಾಗಿ ಚೀಟಿ

ದೊಡ್ಡವ್ವನ ಬಲ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ. ಸೇರಿಗೆ ರಾಗಿ ತುಂಬಿ, ಬಾಯಿಗೆ ಸಮನಾಗಿ ಮುಂಗೈಯಿಂದ ಸವರಿ ಸವರಿ ಅಲ್ಲಿನ ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಚಿಕ್ಕಂದಿನಲ್ಲಿ ನಾನು ಅದನ್ನು ಮುಟ್ಟಿ ನೋಡುತ್ತಿದ್ದೆ. "ಏನ್ ಮುಟ್ತೀಯೆ, ಅದೇನ್ ಬೆಣ್ಣೆಯಾ?" ಅಂತ ಗದರುತ್ತಿದ್ದಳು. ಕೈ ಮಾತ್ರ ಎಳೆದುಕೊಳ್ಳುತ್ತಿರಲಿಲ್ಲ.

ಅವಳು ನನ್ನ ಅವ್ವನ ಅಕ್ಕ. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ಮಳವಳ್ಳಿ ಕಡೆಯ ಒಂದು ಹಳ್ಳಿಯಲ್ಲಿ ಒಂದಿಷ್ಟು ಹೊಲ, ಒಂದು ಹಸು, ಮತ್ತೆ ಆ ಚೀಟಿ. ಹನ್ನೆರಡು ಹೆಂಗಸರು ಅಮಾವಾಸ್ಯೆಯ ಮಾರನೆಯ ದಿನ ತಲಾ ಐದು ಸೇರು ರಾಗಿ ತಂದು ಅವಳ ಮನೆಯ ಆಳೆತ್ತರದ ಮಣ್ಣಿನ ವಾಡೆಗೆ ಸುರಿಯುತ್ತಿದ್ದರು. ಚೀಟಿ ಎತ್ತಿದಾಗ ಯಾರ ಹೆಸರು ಬಂತೋ ಅವಳಿಗೆ ಅರವತ್ತು ಸೇರು. ಯುದ್ಧದ ಕಾಲ ಅದು. ಅಂಗಡಿಯಲ್ಲಿ ರಾಗಿ ಸಿಕ್ಕುವುದೇ ಕಷ್ಟವಾಗಿತ್ತು.

ನಾನಾಗ ಮೈಸೂರಿನಲ್ಲಿ ಆನರ್ಸ್ ಓದುತ್ತಿದ್ದೆ. ಹಣಕಾಸಿನ ವಿಷಯದಲ್ಲಿ ಒಂದು ಪ್ರಬಂಧ ಬರೆದು ಒಪ್ಪಿಸಬೇಕಿತ್ತು. ಮಂಡ್ಯದಲ್ಲಿ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು: "ಮೊದಲ ದರ್ಜೆ ಬಂದ್ರೆ ಕೆಲಸಕ್ಕೆ ಸೇರ್ಕೊ. ಇಲ್ದಿದ್ರೆ ಮದ್ದೂರಿನವರಿಗೆ ಮಾತು ಕೊಡ್ತೀನಿ." ಮದ್ದೂರಿನ ಆ ಗಂಡನ್ನು ನಾನು ನೋಡಿದ್ದೆ. ಆದ್ದರಿಂದ ಮೊದಲ ದರ್ಜೆ ಬರಲೇಬೇಕಿತ್ತು.

ದೊಡ್ಡವ್ವನ ಚೀಟಿಯ ಮೇಲೇ ಬರೆಯುತ್ತೇನೆ ಅಂದಾಗ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

"ರಾಗಿ ಇಸ್ಯ ಇಂಗ್ಲೀಸಲ್ಲಿ ಬರೀತೀಯಾ? ಇಂಗ್ಲೀಸ್ನೋರು ಎಂದಾದ್ರೂ ಮುದ್ದೆ ಉಂಡವ್ರಾ?"

ನಕ್ಕರೂ ಜಗಲಿಯ ಮೇಲೆ ನನಗೆ ಜಾಗ ಮಾಡಿಕೊಟ್ಟಳು. ನಾನು ನಿಂತು ಬರೆದುಕೊಂಡರೆ ಅವಳಿಗೆ ಆಗುತ್ತಿರಲಿಲ್ಲ. "ಕುಂತ್ಕಳವ್ವ, ನೀನಿಂಗ್ ನಿಂತ್ರೆ ನಂಗೆ ಎಣಿಕೆ ತಪ್ತದೆ." ತಂದ ರಾಗಿಯನ್ನು ಜಗಲಿಯಲ್ಲೇ ಅಳೆಯುತ್ತಿದ್ದಳು. ಕೊಡುವುದು ಮಾತ್ರ ಒಳಗೆ, ವಾಡೆಯ ಹತ್ತಿರ. ಅಲ್ಲಿ ಬೆಳಕಿಲ್ಲವೆಂದು ನಾನು ಹೊರಗೇ ಕೂತು, ಅವಳು ಕೂಗುವ ಲೆಕ್ಕವನ್ನು ಬರೆದುಕೊಳ್ಳುತ್ತಿದ್ದೆ. ಅರವತ್ತು ಬಂತು, ಅರವತ್ತು ಹೋಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಓದಿದವಳೆಂಬ ಜಂಬ ನನ್ನದು. ಚೀಟಿ ಬಂದವಳ ಮನೆಗೂ ಹೋಗಿ ರಾಗಿಯನ್ನು ಸೇರಿನ ಬಾಯಿಗೆ ಸವರಿ ಮತ್ತೆ ಅಳೆದೆ. ಅರವತ್ತೆಂಟು ಸೇರಾಯಿತು! ಮುಂದಿನ ತಿಂಗಳು ಇನ್ನೊಂದು ಮನೆಯಲ್ಲಿ ಅಳೆದೆ, ಅಲ್ಲೂ ಅಷ್ಟೇ. ಆ ಮನೆಯವಳಿಗೆ ಆಶ್ಚರ್ಯವೇ ಆಗಲಿಲ್ಲ.

"ದೊಡ್ಡವ್ವನ ವಾಡೇಲಿ ಲಕ್ಸ್ಮಿ ಅವ್ಳೆ ಕಣವ್ವ. ಯಾವತ್ತೂ ಇಂಗೇಯ," ಅಂದಳು.

ನನ್ನ ಮೇಷ್ಟರು ಆ ಪಟ್ಟಿಯನ್ನು ನೋಡಿ ಕನ್ನಡಕ ತೆಗೆದರು. "ಇಟ್ಟದ್ದಕ್ಕಿಂತ ಹೆಚ್ಚು ತಾನಾಗೇ ಹುಟ್ಟುವ ಬ್ಯಾಂಕು ನಾನು ಕಂಡಿಲ್ಲಮ್ಮ. ಇದಕ್ಕೆ ಕಾರಣ ಬರೆದು ತಾ. ಇಲ್ಲದಿದ್ದರೆ ಈ ಪ್ರಬಂಧ ನಿಲ್ಲುವುದಿಲ್ಲ." ಎಂಟು ದಿನದ ಗಡುವು ಕೊಟ್ಟರು.

ಮದ್ದೂರಿಗೆ ರೈಲು, ಅಲ್ಲಿಂದ ಪೆಟ್ರೋಲಿನ ಬದಲು ಇದ್ದಿಲು ಹೊಗೆಯಲ್ಲಿ ಓಡುವ ಬಸ್ಸು. ರೈಲು ಯಲಿಯೂರು ದಾಟುವಾಗಲೇ ನನ್ನ ಸಿಟ್ಟು ನೆತ್ತಿಗೇರಿತ್ತು. ಬಾಗಿಲಲ್ಲೇ ಕೂಗಾಡಿದೆ: "ನಿನ್ನ ಎಣಿಕೆ ತಪ್ಪು ದೊಡ್ಡವ್ವ! ನನ್ನ ಓದು ಹಾಳಾಯ್ತು!"

ಅವಳು ನನ್ನನ್ನು ಒಳಕ್ಕೆ ಕರೆದುಕೊಂಡು ಹೋಗಿ ಸೇರಿಗೆ ರಾಗಿ ತುಂಬಿದಳು. ಈ ಸಲ ಮುಂಗೈ ಆಡಿಸಲಿಲ್ಲ. ಸೇರಿನ ಮೇಲೆ ರಾಗಿ ಗೋಪುರವಾಗಿ ನಿಂತಿತು.

"ಈಸ್ಕೊಳ್ಳುವಾಗ ಸವರಿ ಈಸ್ಕೋತೀನಿ. ಕೊಡುವಾಗ ಇಂಗೆ ಕೊಡ್ತೀನಿ. ಎಣಿಕೆ ತಪ್ಪಿಲ್ಲ."

"ಹೆಚ್ಚಿನದು ಎಲ್ಲಿಂದ ಬರುತ್ತೆ?"

"ನಮ್ಮೊಲದ್ದು. ಮೊದ್ಲೇ ವಾಡೆಗೆ ಸುರಿದಿರ್ತೀನಿ. ನಂಗೊಬ್ಬಳಿಗೆ ಎಷ್ಟು ಬೇಕವ್ವ?"

"ಮತ್ತೆ ಲಕ್ಷ್ಮಿ ಅಂತ ಯಾಕೆ ಸುಳ್ಳು ಹೇಳ್ತೀಯ?"

"ಲೇ, ನಾ ಕೊಟ್ಟೆ ಅಂದ್ರೆ ಅವು ತಲೆ ಬಗ್ಗಿಸ್ತವೆ. ಲಕ್ಸ್ಮಿ ಕೊಟ್ಲು ಅಂದ್ರೆ ಕೈ ಮುಗ್ದು ಓಯ್ತವೆ. ಯಾವ್ದು ವಾಸಿ, ನೀನೇ ಏಳು."

ನನಗೆ ಅಳು ಬಂತು. ಆದರೂ, ನಾಚಿಕೆಗೇಡು, ಆ ಅಳುವಿನ ನಡುವೆಯೇ ಕಾರಣ ಸಿಕ್ಕಿತಲ್ಲ ಎಂದು ಖುಷಿಪಟ್ಟೆ. ಅದು ಅವಳಿಗೆ ಗೊತ್ತಾಯಿತೇನೋ. ನನ್ನ ಕೈ ಹಿಡಿದುಕೊಂಡಳು.

"ಇದ ಬರೀಬ್ಯಾಡ ಮಗ. ಗೊತ್ತಾದ್ರೆ ನಾಳಿಂದ ಒಬ್ಳೂ ಸೆರಗೊಡ್ಡಾಕಿಲ್ಲ. ಮುತ್ತತ್ತಿರಾಯನ ಮೇಲೆ ಆಣೆ ಇಕ್ಕು."

ಆಣೆ ಇಟ್ಟೆ.

ಮೈಸೂರಿಗೆ ಹೋಗಿ ಬರೆದೆ. ನಮ್ಮೂರ ಹೆಂಗಸರು ಇಂಗ್ಲಿಷ್ ಓದುತ್ತಾರೆಯೇ ಎಂದು ನನಗೆ ನಾನೇ ಹೇಳಿಕೊಂಡೆ. ಸವರಿದ ಸೇರು, ತುಂಬಿದ ಸೇರು, ಅವಳ ಹೊಲದ ರಾಗಿ, ಲಕ್ಷ್ಮಿಯ ಹೆಸರು, ಒಂದನ್ನೂ ಬಿಡಲಿಲ್ಲ. ಇಡೀ ಪ್ರಬಂಧದಲ್ಲಿ ಆ ಎರಡು ಪುಟವೇ ಬೆಲೆಯುಳ್ಳದ್ದು ಎಂದು ಮೇಷ್ಟರು ಹೊಗಳಿದರು. ಮೊದಲ ದರ್ಜೆ ಬಂತು, ಹಿಂದೆಯೇ ಕೆಲಸವೂ ಬಂತು. ಮದ್ದೂರಿನವರು ಬೇರೆ ಹೆಣ್ಣು ನೋಡಿಕೊಂಡರು.

ಸುದ್ದಿ ಹೇಳಲು ಹೋದಾಗ ದೊಡ್ಡವ್ವ ನನ್ನ ಕೆನ್ನೆ ಹಿಂಡಿ, ಒಲೆಯ ಮುಂದೆ ಕೂರಿಸಿಕೊಂಡು ಮೆಲ್ಲಗೆ ಕೇಳಿದಳು: "ಅದ ಬರೀನಿಲ್ಲ ತಾನೆ?"

"ಇಲ್ಲ ದೊಡ್ಡವ್ವ."

"ನಂಗೊತ್ತಿತ್ತು ಬುಡು," ಅಂದು ಮುದ್ದೆಯ ಮೇಲೆ ಇನ್ನೊಂದು ಸೌಟು ಸಾರು ಬಿಟ್ಟಳು.

ಸ್ವಾತಂತ್ರ್ಯ ಬಂದ ವರ್ಷ, ಬಾವುಟ ಏರುವ ಮುಂಚೆಯೇ ಅವಳು ಹೋದಳು. ಹನ್ನೊಂದನೆಯ ದಿನ ಎಲೆ ಹಾಕಿದಾಗ ಚೀಟಿಯ ಹೆಂಗಸರು ನನ್ನ ಪಕ್ಕದಲ್ಲೇ ಕೂತಿದ್ದರು. ಅವರಲ್ಲೊಬ್ಬಳು ಕಣ್ಣೊರೆಸಿಕೊಂಡು ಹೇಳಿದಳು: "ನೀನೇನೋ ಆಣೆ ಇಕ್ಕಿದ್ಯಂತೆ. ಏನು ಅಂತ ನಮ್ಗೆ ಏಳ್ನಿಲ್ಲ. ನಮ್ ಮಗ ಕೊಟ್ಟ ಮಾತು ತಪ್ಪಾಕಿಲ್ಲ ಅಂತ ದೊಡ್ಡವ್ವ ಸಾಯೋಗಂಟ ಏಳ್ತಿದ್ಲು ಕಣವ್ವ."

ನಾನು ತಲೆ ಎತ್ತದೆ ಊಟ ಮಾಡಿದೆ. ಈಗ ಅದನ್ನೇ ಕನ್ನಡದಲ್ಲಿ ಬರೆದು ಎರಡನೆಯ ಸಲ ಮಾತು ತಪ್ಪಿದ್ದೇನೆ. ಅದಕ್ಕೇ ಇಲ್ಲಿ ಅವಳ ಹೆಸರು ಹೇಳಿಲ್ಲ, ಊರಿನ ಹೆಸರೂ ಹೇಳಿಲ್ಲ. ಕೇಳಿದರೂ ಹೇಳುವುದಿಲ್ಲ.